ಬಂಧನದ ಕಾಗದ ಎಲ್ಲಿದೆ?



ಮನೆಯ ಹುಡುಗನನ್ನು ಪೊಲೀಸರು ಕರೆದೊಯ್ದರೆಂಬ ಸುದ್ದಿ ತಲುಪಿದೊಡನೆ ನಾವು ಯಾರನ್ನು ಅರಸಿ ಓಡುತ್ತೇವೆ? ಶಾಸಕರ ಆಪ್ತರನ್ನು, ಜಮಾಅತ್ ಅಧ್ಯಕ್ಷರನ್ನು, ಇಲಾಖೆಯಲ್ಲಿ ಪರಿಚಯವುಳ್ಳ ವರ್ತಕರನ್ನು. ಬಂಧನದ ಕಾಗದ ಎಲ್ಲಿದೆಯೆಂದು ಕೇಳುವವರು ನಮ್ಮಲ್ಲಿ ವಿರಳ. ಕೃಪೆಯನ್ನು ಬೇಡುವ ಅಭ್ಯಾಸವು ಹಕ್ಕನ್ನು ಕೇಳುವ ನಾಲಗೆಯನ್ನೇ ಕಟ್ಟಿಹಾಕಿದೆ. ತಪ್ಪಿತಸ್ಥರನ್ನು ರಕ್ಷಿಸುವ ಮಾತಲ್ಲ ಇದು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯವೇ ಹೊರತು ಲಾಠಿಯಲ್ಲ.

ಒಡಿಶಾದ ನೀಲಾಬತಿ ಬೆಹೆರಾ ಅವರ ಇಪ್ಪತ್ತೆರಡರ ಹರೆಯದ ಮಗನನ್ನು 1987ರ ಡಿಸೆಂಬರ್‌ನಲ್ಲಿ ಪೊಲೀಸರು ಒಯ್ದರು. ಮರುದಿನ ಗಾಯಗಳಿಂದ ತುಂಬಿದ ಶವವು ರೈಲು ಹಳಿಯ ಬಳಿ ದೊರೆಯಿತು. ಆತ ತಪ್ಪಿಸಿಕೊಂಡು ಓಡಿ ರೈಲಿಗೆ ಸಿಲುಕಿದನೆಂದು ಸರಕಾರ ವಾದಿಸಿತು. ಆ ತಾಯಿ ಸುಪ್ರೀಮ್ ಕೋರ್ಟಿಗೆ ಪತ್ರ ಬರೆದರು. 1993ರಲ್ಲಿ ನ್ಯಾಯಾಲಯವು ಸರಕಾರದ ಕಥೆಯನ್ನು ತಿರಸ್ಕರಿಸಿ, ಒಂದೂವರೆ ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಮಗನ ಜೀವಕ್ಕೆ ಅದು ಬೆಲೆಯೇ? ಖಂಡಿತ ಅಲ್ಲ. ಆದರೆ ಮೂಲಭೂತ ಹಕ್ಕನ್ನು ತುಳಿದ ಪ್ರಭುತ್ವವು ತನ್ನ ಸಾರ್ವಭೌಮತೆಯ ನೆಪ ಹೇಳಿ ಪಾರಾಗುವಂತಿಲ್ಲವೆಂಬುದು ಆ ತೀರ್ಪಿನಿಂದ ಸ್ಥಿರವಾಯಿತು.

ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಮುಂದಿಟ್ಟು ಪಶ್ಚಿಮ ಬಂಗಾಳದ ಡಿ.ಕೆ. ಬಸು 1986ರಲ್ಲಿ ಬರೆದ ಪತ್ರವೂ ಹೀಗೆಯೇ ಅರ್ಜಿಯಾಗಿತ್ತು. 1996ರ ಡಿಸೆಂಬರ್‌ನಲ್ಲಿ ಬಂದ ಆ ತೀರ್ಪಿನ ಮುಖ್ಯ ಸೂಚನೆಗಳು ಇಂದು ಶಾಸನದಲ್ಲೇ ಇವೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮನ್ನು ಓದಿರಿ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಟಿಪ್ಪಣಿಗೆ ಮನೆಯವರೊಬ್ಬರು ಅಥವಾ ಊರಿನ ಗೌರವಾನ್ವಿತರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತನ ಸಹಿಯೂ ಇರಬೇಕು. ದಿನಾಂಕ ಮತ್ತು ವೇಳೆ ಅದರಲ್ಲಿರಬೇಕೆಂದು ಬಸು ತೀರ್ಪೇ ಹೇಳಿದೆ.

ಈ ವೇಳೆ ಎಂಬುದೇ ಎಲ್ಲಕ್ಕಿಂತ ಮುಖ್ಯ. ಮುಂಜಾಗ್ರತಾ ಬಂಧನದ ಮಾತು ಬೇರೆ. ಉಳಿದಂತೆ ಬಂಧಿತನನ್ನು, ಪ್ರಯಾಣದ ಅವಧಿ ಹೊರತುಪಡಿಸಿ, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಆಜ್ಞಾಪಿಸುತ್ತದೆ. ಕಾಗದವೇ ಇಲ್ಲದಿದ್ದರೆ ಗಂಟೆಯನ್ನು ಎಲ್ಲಿಂದ ಎಣಿಸುವುದು? ‘ಬಂಧಿಸಿಲ್ಲ, ಸುಮ್ಮನೆ ವಿಚಾರಣೆಗೆ ಕರೆದಿದ್ದೇವೆ’ ಎಂಬ ಉತ್ತರದ ಗುಟ್ಟು ಇಲ್ಲಿದೆ.

ಹಿಂದೆ ಇಂತಹ ಸಂದರ್ಭದಲ್ಲಿ ಮೇಲಧಿಕಾರಿಗಳಿಗೆ ತಂತಿ ಕಳುಹಿಸಿರೆಂದು ವಕೀಲರು ಹೇಳುತ್ತಿದ್ದರು. ತಂತಿಯ ಮೇಲಿನ ವೇಳೆಯೇ ಸಾಕ್ಷಿಯಾಗುತ್ತಿತ್ತು. 2013ರಲ್ಲಿ ತಂತಿ ಸೇವೆ ನಿಂತುಹೋಯಿತು. ಆ ಕೆಲಸವನ್ನು ಈಗ ಇಮೇಲ್ ಮಾಡಬಲ್ಲದು. ಕಾಲೇಜು ಕಲಿತ ನಮ್ಮ ಹೆಣ್ಣುಮಕ್ಕಳಿಂದ ಅದನ್ನು ಬರೆಸಿರಿ. ಗಂಡಸರೆಲ್ಲ ಠಾಣೆಯೆದುರು ಗುಂಪುಗೂಡಿದಾಗ ಶಾಂತವಾಗಿ ಕುಳಿತು ಬರೆಯಬಲ್ಲವರು ಅವರೇ ತಾನೇ! ಗಡುವು ಮೀರಿದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೆ ಆ ಇಮೇಲ್ ನೆರವಾಗುತ್ತದೆ.

ಮತ್ತೊಂದು ಸಂಗತಿ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಕಾಪಾಡಬೇಕೆಂದು 2020ರ ಡಿಸೆಂಬರ್ 2ರಂದು ಸುಪ್ರೀಮ್ ಕೋರ್ಟ್ ಆದೇಶಿಸಿದೆ. ಹಲ್ಲೆಯಾದ ಶಂಕೆಯಿದ್ದರೆ, ಆ ದಿನದ ದೃಶ್ಯವನ್ನು ಕಾದಿರಿಸಬೇಕೆಂದು ಅದೇ ವಾರ ಲಿಖಿತ ಅರ್ಜಿ ಕೊಡಿರಿ. ಪ್ರತಿಯ ಮೇಲೆ ಠಾಣೆಯ ಮೊಹರು ಹಾಕಿಸಿಕೊಳ್ಳಿರಿ. ಅರ್ಜಿಯನ್ನು ಸ್ವೀಕರಿಸದಿದ್ದರೆ ಎಸ್ಪಿಯವರಿಗೆ ಅಂಚೆಯಲ್ಲಿ ಕಳುಹಿಸಿ, ರಶೀದಿಯನ್ನು ಜೋಪಾನವಾಗಿಡಿರಿ.