ಎಲ್ಲರದ್ದು ಎಂದರೆ ಯಾರದ್ದು?

(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಆದರ್ಶ ಊರು ಹೇಗಿರಬೇಕು ಅಂತ ಕ್ರಿ.ಪೂ. 4ನೇ ಶತಮಾನದಲ್ಲೇ ಗ್ರೀಸಿನ ಪ್ಲೇಟೋ ಲೆಕ್ಕ ಹಾಕಿದ್ದ. ‘ರಿಪಬ್ಲಿಕ್’ ಗ್ರಂಥದಲ್ಲಿ, ಆಳುವವರಿಗೆ ಸ್ವಂತ ಮನೆ, ಹೊಲ, ಹಣ ಯಾವುದೂ ಇರಕೂಡದು ಎಂದ. ಮುಪ್ಪಿನಲ್ಲಿ ಬರೆದ ‘ಲಾಸ್’ನಲ್ಲಿ ಕೊಂಚ ಸಡಿಲಿಸಿದ. ಅಲ್ಲಿ ಊರಿಗೆ 5,040 ಕುಟುಂಬ. ಈ ಸಂಖ್ಯೆಯನ್ನು 1ರಿಂದ 10ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯದು, ಹಂಚಿಕೆ ಸುಲಭ. ಪ್ರತಿ ಮನೆಗೂ ಎರಡು ತುಂಡು ಜಮೀನು, ಒಂದು ಊರ ಹತ್ತಿರ, ಒಂದು ಗಡಿಯ ಕಡೆ. ಮಾರುವಂತಿಲ್ಲ. ಆ ಪಾಲಿನ ಬೆಲೆಯ ನಾಲ್ಕು ಪಟ್ಟು ಮೀರಿ ಗಳಿಸಿದರೆ, ಮಿಕ್ಕಿದ್ದು ಊರಿಗೆ, ದೇವರಿಗೆ.

ಶಿಷ್ಯ ಅರಿಸ್ಟಾಟಲ್ ಇದನ್ನು ಒಪ್ಪಲಿಲ್ಲ ನೋಡಿ. ಬಹಳ ಜನರಿಗೆ ಸೇರಿದ್ದನ್ನು ನೋಡಿಕೊಳ್ಳುವವರು ಕಡಿಮೆ, ಇನ್ನೊಬ್ಬ ಮಾಡ್ತಾನೆ ಬಿಡು ಅಂತಾರೆ ಎಂಬುದು ಅವನ ವಾದ. ಜಮೀನು ಸಮ ಮಾಡಿದರೆ ಜಗಳ ನಿಲ್ಲುತ್ತದೆ ಎಂದಿದ್ದ ಫಲಿಯಾಸ್‌ಗೂ, ಮೊದಲು ಸಮ ಮಾಡಬೇಕಾದ್ದು ಆಸೆಯನ್ನು, ಅದಕ್ಕೆ ಶಿಕ್ಷಣ ಬೇಕು ಎಂದು ಉತ್ತರ ಕೊಟ್ಟ.

ಆದರೆ ಗುರುಶಿಷ್ಯರಿಬ್ಬರ ಊರಲ್ಲೂ ಒಂದು ಕೊರತೆ. ‘ಲಾಸ್’ನ ಊರಲ್ಲಾಗಲಿ, ಅರಿಸ್ಟಾಟಲನ ಆದರ್ಶ ನಗರದಲ್ಲಾಗಲಿ, ಹೊಲ ಉಳುವವನು ಪೌರನೇ ಅಲ್ಲ. ಸಹಕಾರಿ ಸಂಘದಲ್ಲಿ ಉಳುವವನೇ ಸದಸ್ಯ. ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಇಲ್ಲಿ ನಾವು ಅವರಿಗಿಂತ ಮುಂದೆ.

ಅರಿಸ್ಟಾಟಲನ ಪ್ರಶ್ನೆ ಮಾತ್ರ ಇನ್ನೂ ನಮ್ಮ ಮುಂದಿದೆ. ಸಂಘ ಎಲ್ಲರದ್ದು ಅಂತೀವಿ. ಮಹಾಸಭೆಗೆ ಬಂದು ಲೆಕ್ಕ ಕೇಳುವವರೆಷ್ಟು? ವಾಯಿದೆಗೆ ಸಾಲ ಕಟ್ಟುವವರೆಷ್ಟು? ಉತ್ತರ ಗ್ರೀಸಿನಿಂದ ಬರೋದಿಲ್ಲ, ನಾವೇ ಕೊಡಬೇಕು.