ಸೆಕೆಂಡ್ ಹ್ಯಾಂಡ್ ಕೋಲು: ಪೂರ್ತಿ ಎತ್ತಿ ನೋಡಿ, ಆಮೇಲೆ ದುಡ್ಡು ಕೊಡಿ

ಏಣಿ ಹತ್ತದೆ, ನೆಲದ ಮೇಲೆ ನಿಂತೇ ಮೇಲಿನ ಮಹಡಿಯ ಕಿಟಕಿ ಗಾಜು ತೊಳೆಯೋಕೆ ಒಂದು ಉದ್ದದ ಕೋಲು ಬರುತ್ತೆ. ಅದರ ಜೊತೆಗೇ ನೀರಿನ ಪೈಪ್, ತುದಿಯಲ್ಲಿ ಬ್ರಷ್. ಹೊಸದಾಗಿ ಕ್ಲೀನಿಂಗ್ ಕೆಲಸ ಶುರು ಮಾಡೋರು ಇದನ್ನ ಸೆಕೆಂಡ್ ಹ್ಯಾಂಡ್ ಹುಡುಕ್ತಾರೆ. ತಪ್ಪೇನಿಲ್ಲ. ಆದರೆ ಮಡಚಿಟ್ಟ ಕೋಲು ನೋಡಿ ದುಡ್ಡು ಕೊಡಬೇಡಿ.

ಪೂರ್ತಿ ಎಳೆದು ನಿಲ್ಲಿಸಿ. ಪ್ರತಿ ಕ್ಲಾಂಪ್ ಬಿಗಿ ಮಾಡಿ, ಕೆಳಕ್ಕೆ ಒತ್ತಿ. ಜಾರಿದ್ರೆ ಕ್ಲಾಂಪ್ ಸವೆದಿರಬಹುದು. ಅದನ್ನ, ಬ್ರಷ್‌ನ, ಪೈಪ್‌ನ ಬದಲಾಯಿಸಬಹುದು. ಕೊಳವೆಯೇ ಸೀಳಿದ್ರೆ ಖರ್ಚು ದೊಡ್ಡದು. ಬಟ್ಟೆಯಿಂದ ಸವರಿ ನೋಡಿ. ಸಿಕ್ಕಿಕೊಂಡ್ರೆ ನಾರು ಎದ್ದಿದೆ ಅಂತ. ನೀರು ಬಿಟ್ಟೂ ಎತ್ತಿ ನೋಡಿ, ಆಗ ತೂಕವೇ ಬೇರೆ.

ಬೋರ್‌ವೆಲ್ ನೀರು ಒಣಗಿದ್ರೆ ಗಾಜಿನ ಮೇಲೆ ಬಿಳಿ ಕಲೆ. ಟಿಡಿಎಸ್ 10 ಪಿಪಿಎಂ ಒಳಗಿರಬೇಕು. ಹಾಗಾಗಿ ಫಿಲ್ಟರ್‌ಗೂ ದುಡ್ಡು ಉಳಿಸಿಕೊಳ್ಳಿ.

ಕೊನೇ ಮಾತು. ಗ್ಲಾಸ್ ಫೈಬರ್ ಅಗ್ಗ, ಆದರೆ ಎತ್ತರಕ್ಕೆ ಹೋದಂತೆ ಬಳುಕುತ್ತೆ. ಕಾರ್ಬನ್ ಫೈಬರ್ ಹಗುರ, ಬಳುಕೋದೂ ಕಮ್ಮಿ. ಆದರೆ ಅದರಲ್ಲಿ ಕರೆಂಟ್ ಹರಿಯುತ್ತೆ. ನಮ್ಮ ಎಷ್ಟೋ ಬೀದಿಗಳಲ್ಲಿ ತಂತಿ ಬಾಲ್ಕನಿ ಪಕ್ಕದಲ್ಲೇ ಹಾದು ಹೋಗಿರುತ್ತೆ. ಒದ್ದೆಯಾದ್ಮೇಲೆ ಯಾವ ಕೋಲನ್ನೂ ನಂಬೋ ಹಾಗಿಲ್ಲ. ತಂತಿ ಹತ್ತಿರ ಇದ್ರೆ ಆ ಕೆಲಸ ಒಪ್ಕೋಬೇಡಿ. ಗಿರಾಕಿ ಇನ್ನೊಬ್ಬರು ಸಿಗ್ತಾರೆ.