ಮೂಳೆ ಕೂಡಿದ ಮೇಲೆ

(ಪುಣೆಯ ಕನ್ನಡ ಜೈನ ಕುಟುಂಬಗಳ ಸ್ನೇಹಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)



ಲೆಕ್ಕಪರಿಶೋಧಕನನ್ನು ವೇದಿಕೆಗೆ ಕರೆದರೆ ಆತ ತೆರಿಗೆಯ ಮಾತನ್ನೇ ಆಡುವನೆಂಬ ನಿರೀಕ್ಷೆ ಸಹಜ. ಇಂದು ಅದಕ್ಕೆ ರಜೆ. ಅಪಘಾತದಲ್ಲಿ ಗಾಯಗೊಂಡ ಮಗು ಮರಳಿ ಸೈಕಲ್ ಏರಬೇಕಾದರೆ ಹಣ ಎಷ್ಟು ಬೇಕು, ಜನ ಎಷ್ಟು ಬೇಕು ಎಂಬುದಷ್ಟೇ ನನ್ನ ವಿಷಯ.

ನಮ್ಮ ಮನೆಗಳಲ್ಲಿ ‘ಜೈಪುರ ಕಾಲು’ ಎಂಬ ಮಾತನ್ನು ಕೇಳದವರು ವಿರಳ. 1968ರಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಅದನ್ನು ರೂಪಿಸಿದರು. ಶರ್ಮಾ ಅವರು ಸೈಕಲ್ಲಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದಾಗ ಚಕ್ರ ಪಂಕ್ಚರಾಯಿತಂತೆ. ರಿಪೇರಿ ಅಂಗಡಿಯಲ್ಲಿ ಕಾಯುತ್ತ ನಿಂತವರಿಗೆ ಲಾರಿಯ ಹಳೆಯ ಟೈರಿಗೆ ಹೊಸ ರಬ್ಬರು ಕೂರಿಸುವ ಕೆಲಸ ಕಣ್ಣಿಗೆ ಬಿದ್ದು, ಪಾದವನ್ನೂ ಹೀಗೆಯೇ ಮಾಡಬಹುದಲ್ಲ ಎಂದು ಹೊಳೆಯಿತೆಂದು ಹೇಳುತ್ತಾರೆ. ಅದಕ್ಕೆ ಮುಂಚಿನ ಕೃತಕ ಕಾಲುಗಳಿಗೆ ಬೂಟು ಕಡ್ಡಾಯ. ನೆಲದ ಮೇಲೆ ಕಾಲು ಮಡಚಿ ಕೂರುವುದು ಅಸಾಧ್ಯ. ಈ ಕಾಲಾದರೋ ಬರಿಗಾಲಲ್ಲಿ ಬಸದಿಯ ಮೆಟ್ಟಿಲೇರಲು, ಗದ್ದೆಯ ಕೆಸರಿಗಿಳಿಯಲು, ಸೈಕಲ್ ತುಳಿಯಲು ಒದಗುತ್ತದೆ.

ಆದರೆ ವಿದ್ಯೆ ಕೈಗೆ ಬಂದ ಮೇಲೂ ಏಳು ವರ್ಷ ಅದು ಕೆಲವರಿಗಷ್ಟೇ ತಲುಪಿತು. 1975ರಲ್ಲಿ ಡಿ. ಆರ್. ಮೆಹ್ತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದ ಮೇಲೆ ಅದು ಲಕ್ಷಾಂತರ ಜನರಿಗೆ ಉಚಿತವಾಗಿ ದೊರೆಯಿತು. ನಮ್ಮ ವೃತ್ತಿಯವರು ಮೆಹ್ತಾ ಅವರನ್ನು ಬಲ್ಲದ್ದು ಸೆಬಿಯ ಅಧ್ಯಕ್ಷರೆಂದು. 1995ರಿಂದ 2002ರವರೆಗೆ ಆ ಕುರ್ಚಿಯಲ್ಲಿದ್ದರು. ಅದಕ್ಕೂ ಬಹಳ ಹಿಂದೆ, 1969ರಲ್ಲಿ, ವಾಹನ ಅಪಘಾತವೊಂದರಲ್ಲಿ ಅವರ ಕಾಲನ್ನೇ ಕತ್ತರಿಸಬೇಕಾದೀತೆಂಬ ಸ್ಥಿತಿ ಬಂದು ಹೇಗೋ ಉಳಿದಿತ್ತು. ಇನ್ನೊಂದು ಮಾತು. ಬೆಳೆಯುವ ಮಗುವಿಗೆ ಕೃತಕ ಕಾಲನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ದೇಹ ಬೆಳೆದಂತೆ ಮತ್ತೆ ಮತ್ತೆ ಅಳತೆ ತೆಗೆಯಬೇಕು, ಮತ್ತೆ ಮತ್ತೆ ಮಾಡಬೇಕು. ಫಲಕದಲ್ಲಿ ಹೆಸರು ಕೆತ್ತಿಸಿ ಮುಗಿಸುವ ದಾನದ ಜಾತಿಗೆ ಇದು ಸೇರದು.

ಪುಣೆಗೂ ಈ ವಿದ್ಯೆ ಹೊಸತಲ್ಲ. ಇಲ್ಲಿಯ ಸೈನ್ಯದ ಕೃತಕ ಅವಯವ ಕೇಂದ್ರ 1944ರದು. ಆದರೆ ನಾನು ಇಲ್ಲಿ ನೆನೆಯಬಯಸುವುದು ದಿವ್ಯಾಂಶು ಗಣಾತ್ರಾ ಅವರನ್ನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ಅವರು ಇದೇ ಊರಿನಲ್ಲಿ 2014ರಲ್ಲಿ ‘ಅಡ್ವೆಂಚರ್ಸ್ ಬಿಯಾಂಡ್ ಬ್ಯಾರಿಯರ್ಸ್’ ಎಂಬ ಸಂಸ್ಥೆ ಕಟ್ಟಿದರು. ಇಬ್ಬರು ಹಿಂದೆಮುಂದೆ ಕುಳಿತು ತುಳಿಯುವ ಟ್ಯಾಂಡೆಮ್ ಸೈಕಲ್ಲಿನಲ್ಲಿ 2016ರಲ್ಲಿ ಮನಾಲಿಯಿಂದ ಖಾರ್ದುಂಗ್ ಲಾ ಕಣಿವೆಮಾರ್ಗದವರೆಗೆ ಹೋದರು. ಟ್ಯಾಂಡೆಮಿನಲ್ಲಿ ಮುಂದಿನವರು ಹಿಡಿಕೆ ಹಿಡಿಯುತ್ತಾರೆ, ಹಿಂದಿನವರೂ ತುಳಿಯುತ್ತಾರೆ. ಸಾಮಾನ್ಯವಾಗಿ ಇಬ್ಬರ ಪೆಡಲುಗಳನ್ನೂ ಸರಪಳಿ ಒಂದೇ ಲಯಕ್ಕೆ ಕಟ್ಟಿರುತ್ತದೆ. ಮುಂದೆ ಕುಳಿತವನಿಗೆ ತಾನು ಉಪಕಾರ ಮಾಡುತ್ತಿದ್ದೇನೆಂದುಕೊಳ್ಳಲು ಹೆಚ್ಚು ಅವಕಾಶವಿಲ್ಲ, ಏರಿನಲ್ಲಿ ಹಿಂದಿನವರ ಬಲವೂ ಬೇಕು.

ಈಗ ನಮ್ಮ ವಸತಿ ಸಂಕೀರ್ಣದ ಒಂದು ಮಗುವಿನ ವಿಷಯ. ಮನೆಯವರ ಒಪ್ಪಿಗೆ ಪಡೆದೇ, ಹೆಸರು ಬಿಟ್ಟು ಹೇಳುತ್ತೇನೆ. ಒಂಬತ್ತು ವರ್ಷದ ಹುಡುಗಿ. ಸ್ಕೂಟರೊಂದು ತಾಗಿ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಗೆ ಬೇಕಾದ ಮುಂಗಡ ಎರಡೇ ದಿನಗಳಲ್ಲಿ ಕೂಡಿತು. ಲೆಕ್ಕ ಬರೆದವನು ನಾನೇ. ಮೂಳೆ ಕೂಡಿತು, ನಡಿಗೆ ಬಂತು. ಸೈಕಲ್ ಮಾತ್ರ ಮೆಟ್ಟಿಲ ಕೆಳಗೆ ಧೂಳು ಹಿಡಿಯಿತು. ಬೆಳಗಾವಿಯಿಂದ ಬಂದಿದ್ದ ಅವಳ ಅಜ್ಜಿ, “ಹೆಣ್ಣಹುಡುಗಿಗೆ ಇನ್ನ ಯಾಕ ಬೇಕ್ರಿ ಆ ಸೈಕಲ್ಲು? ಮಾರಿಬಿಡ್ರಿ,” ಎಂದರು. ಅಜ್ಜಿಯ ಕಳಕಳಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಮೊಮ್ಮಗನಿಗೆ ಹೀಗಾಗಿದ್ದರೆ ಇದೇ ಮಾತು ಬರುತ್ತಿತ್ತೆ? ಸಭೆಯಲ್ಲಿರುವ ತಾಯಂದಿರು ಉತ್ತರಿಸಲಿ.

ಭಾನುವಾರ ಬೆಳಕು ಹರಿಯುವ ಮುನ್ನ ಸಿಂಹಗಡದ ಕಡೆ ಸೈಕಲ್ ಹೊಡೆಯುವ ಆರೇಳು ಮಂದಿ ನಮ್ಮ ಬಡಾವಣೆಯಲ್ಲಿದ್ದಾರೆ. ಮರಾಠಿಗರು, ಕನ್ನಡಿಗರು, ಒಬ್ಬ ಸೈಕಲ್ ಅಂಗಡಿಯಾತ. ಫಿಜಿಯೋಥೆರಪಿಯವರ ಅನುಮತಿ ಕೇಳಿ ಇವರು ಕೆಲಸ ಹಿಡಿದರು. ಪೆಡಲನ್ನು ಒಂದು ಪೂರ್ಣ ಸುತ್ತು ತಿರುಗಿಸಲು ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ತಿಂಗಳುಗಟ್ಟಲೆ ಆಡಿಸದ ಮಂಡಿ ಅಷ್ಟು ಮಡಚದು. ಆದುದರಿಂದ ಮೊದಲು ಹಿಂಚಕ್ರವನ್ನು ಸ್ಟ್ಯಾಂಡಿಗೇರಿಸಿ, ಸೀಟು ಎತ್ತರಿಸಿ, ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಅಂಗಡಿಯಾತ ಪೆಡಲಿನ ತೋಳನ್ನು ಬಿಚ್ಚಿ ಗಿಡ್ಡದನ್ನು ಹಾಕಿಕೊಟ್ಟ; ತೋಳು ಗಿಡ್ಡವಾದರೆ ಮಂಡಿ ಮಡಚಬೇಕಾದ ಕೋನವೂ ತಗ್ಗುತ್ತದೆ. ಕಾಲಿನ ಕೆಲಸ ಇಷ್ಟರಲ್ಲೇ ಮುಗಿಯಿತು.

ಹೆದರಿಕೆಯದು ಬೇರೆ ಲೆಕ್ಕ. ಸ್ಕೂಟರಿನ ಸದ್ದು ಕೇಳಿದರೆ ಸಾಕು, ಮಗುವಿನ ಕೈ ಬ್ರೇಕನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಸೀಟನ್ನು ಈಗ ತಗ್ಗಿಸಿ, ಪೆಡಲುಗಳನ್ನೇ ಕಳಚಿ, ಎರಡೂ ಪಾದ ನೆಲಕ್ಕೆ ತಾಗುವಂತೆ ಮಾಡಿ, ದೂಡಿಕೊಂಡು ಹೋಗಲು ಬಿಟ್ಟರು. ಆಮೇಲೆ ಪೆಡಲು ಹಾಕಿದರು. ಮುಂದೊಬ್ಬರು, ಬೀದಿಯ ಬದಿಗೊಬ್ಬರು, ಹಿಂದೊಬ್ಬರು. ಆರು ವಾರ, ವಾರಕ್ಕೆ ನಾಲ್ಕು ಬೆಳಗು. ಈ ಆರು ವಾರಕ್ಕೆ ಜೊತೆಗಾರರು ಬೇಕೆಂದು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದಾಗ, ಎರಡು ದಿನದಲ್ಲಿ ಹಣ ಕೂಡಿಸಿದ ಅದೇ ಗುಂಪು ಮೌನವಾಯಿತು. ಬಂದವರು ಇಬ್ಬರು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಮೊದಲ ಮೂರಕ್ಕೆ ರಸೀದಿ ಹರಿಯಬಹುದು. ನಾಲ್ಕನೆಯದಕ್ಕೆ ಬೆಳಗ್ಗೆ ಆರೂವರೆಗೆ ಗೇಟಿನ ಬಳಿ ನಿಂತಿರಬೇಕು.

ಹಣದ ಬಗೆಗೂ ನಾಲ್ಕು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಮೋಟಾರು ವಾಹನದಿಂದಾದ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಿನಲ್ಲಿ ಪ್ರಕಟಿಸಿದೆ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ; ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆಯಾದರೂ, ಆ ತೀರ್ಪನ್ನು ನಂಬಿ ಕೂರಬೇಡಿ. ಕರ್ನಾಟಕದ ಬಾಲಕನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಮಕ್ಕಳಿಗೆ ಒಂದು ಕೋಷ್ಟಕವನ್ನೇ ಹಾಕಿಕೊಟ್ಟಿತು: ಚಿಕಿತ್ಸೆಯ ಖರ್ಚಿನ ಹೊರತಾಗಿ, ಶಾಶ್ವತ ಊನ ಶೇ. 10ರವರೆಗಿದ್ದರೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4, 90ರವರೆಗೆ 5, ಅದಕ್ಕೂ ಮೀರಿದರೆ 6 ಲಕ್ಷ. 2020ರಲ್ಲಿ ಅದೇ ನ್ಯಾಯಾಲಯ ಪೂರ್ಣ ಅಶಕ್ತಳಾದ ಬಾಲಕಿಯೊಬ್ಬಳಿಗೆ ಕುಶಲ ಕಾರ್ಮಿಕರ ಕನಿಷ್ಠ ವೇತನವನ್ನು ಆಧಾರವಾಗಿಟ್ಟು 62 ಲಕ್ಷಕ್ಕೂ ಹೆಚ್ಚು ಕೊಡಿಸಿತು. ಆದುದರಿಂದ ವಕೀಲರು ಕೋಷ್ಟಕವನ್ನಷ್ಟೇ ತೋರಿಸಿದರೆ ಎರಡನೆಯ ತೀರ್ಪನ್ನೂ ಕೇಳಿ. ಆದರೆ ಹೆದರಿಕೆಗೆ ಯಾವ ಕೋಷ್ಟಕದಲ್ಲೂ ಶೇಕಡಾವಾರು ಇಲ್ಲ.

ನಗರದ ಮಾತಿಗೆ ಬರೋಣ. ಪುಣೆ ಸೈಕಲ್ಲುಗಳ ಊರೆಂದು ಹೆಸರಾಗಿತ್ತು. 2017ರ ಡಿಸೆಂಬರಿನಲ್ಲಿ ಪಾಲಿಕೆಯ ಸಾಮಾನ್ಯ ಸಭೆ ಸಮಗ್ರ ಸೈಕಲ್ ಯೋಜನೆಯನ್ನು ಒಪ್ಪಿತು. ಆಗಲೇ ಬಂದ ಬಾಡಿಗೆ ಸೈಕಲ್ಲುಗಳು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದವು. 2022ರ ಮಾರ್ಚಿನಿಂದ ಸುಮಾರು ನಾಲ್ಕು ವರ್ಷ ಈ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಅದೇ ತಿಂಗಳು ಅಂತರರಾಷ್ಟ್ರೀಯ ‘ಪುಣೆ ಗ್ರ್ಯಾಂಡ್ ಟೂರ್’ ಸ್ಪರ್ಧೆಗಾಗಿ ಜಿಲ್ಲೆಯ ಎಷ್ಟೋ ರಸ್ತೆಗಳು ನುಣುಪಾದವು. ಸ್ಪರ್ಧೆ ಬರಲಿ, ಸಂತೋಷ. ಆದರೆ ಶಾಲೆಯ ಸುತ್ತಲಿನ ಅರ್ಧ ಕಿಲೋಮೀಟರಿನಲ್ಲಿ ಮಗುವೊಂದು ನಿರ್ಭಯವಾಗಿ ಸೈಕಲ್ ಹೊಡೆಯಲಾರದೆ ಇರುವಾಗ, ಆ ನುಣುಪು ಯಾರಿಗಾಗಿ ಎಂದು ಹೊಸ ನಗರಸೇವಕರನ್ನು ಕೇಳುವ ಹಕ್ಕು ನಮಗಿದೆ. ಮತ ಕೇಳಲು ನಮ್ಮ ಸಭೆಗಳಿಗೆ ಬಂದವರು ಅವರೇ. (ಸೈಕಲ್ಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿಯಿತು. ತೆರಿಗೆಯ ಮಾತು ಬೇಡವೆಂದಿದ್ದೆ, ಕ್ಷಮಿಸಿ.)

ಹುಡುಗಿ ಈಗ ಸಂಕೀರ್ಣದ ಒಳರಸ್ತೆಯಲ್ಲಿ ಒಬ್ಬಳೇ ಸುತ್ತುತ್ತಾಳೆ. ಹೊರರಸ್ತೆಗೆ ಇನ್ನೂ ಇಬ್ಬರು ಜೊತೆಗೆ ಬೇಕು. ಇದೇ ಬಡಾವಣೆಯಲ್ಲಿ ಇನ್ನಿಬ್ಬರು ಮಕ್ಕಳು ಕಾದಿದ್ದಾರೆ, ಒಬ್ಬನ ಕೈ ಮುರಿದಿತ್ತು, ಒಬ್ಬಳ ಕಾಲು. ಬಳಸದೆ ಬಿದ್ದಿರುವ 16 ಮತ್ತು 20 ಇಂಚಿನ ಸೈಕಲ್ಲುಗಳಿದ್ದರೆ ತಂದುಕೊಡಿ. ಹೆಲ್ಮೆಟ್ ಮಾತ್ರ ಹಳೆಯದು ಬೇಡ; ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಕಾಯುವುದಿಲ್ಲ. ನಿವೃತ್ತರು, ಸೈಕಲ್ ಬಾರದವರೂ ಬರಬಹುದು. ತಿರುವಿನಲ್ಲಿ ನಿಂತು ಸ್ಕೂಟರುಗಳನ್ನು ನಿಧಾನಿಸುವವರೂ ಬೇಕು. ದೇಣಿಗೆಯ ಚೀಟಿ ಇಂದು ತಂದಿಲ್ಲ. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟುಪುಸ್ತಕವಿದೆ. ಹೆಸರಿನ ಮುಂದೆ ಯಾವ ವಾರ, ಎಷ್ಟು ಬೆಳಗು ಎಂದು ಬರೆಯಿರಿ. ಊಟಕ್ಕೆ ಮುಂಚೆ ಬರೆದರೆ ಒಳ್ಳೆಯದು.